ಬ್ಯಾಕಪ್ ಮರಳಿ ಬಂತು, ವಿಂಡೋಸ್ ಏಳುತ್ತಿಲ್ಲ

ಪ್ರಶ್ನೆ: ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ 10ರ ಸಿ ಡ್ರೈವ್ ಬ್ಯಾಕಪ್ ರಿಸ್ಟೋರ್ ಮಾಡಿದೆ. ಫೈಲುಗಳೆಲ್ಲ ಇವೆ. ಆನ್ ಮಾಡಿದರೆ ‘ನೋ ಬೂಟಬಲ್ ಡಿವೈಸ್’ ಎಂದು ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಡೇಟಾ ಸುರಕ್ಷಿತವಾಗಿದೆ, ಫಾರ್ಮ್ಯಾಟ್ ಮಾಡಬೇಡಿ. ಬ್ಯಾಕಪ್ಪಿನಲ್ಲಿ ಸಿ ಡ್ರೈವ್ ಮಾತ್ರ ಇದ್ದುದರಿಂದ ಇಎಫ್‌ಐ ಪಾರ್ಟಿಷನ್ ಹೊಸ ಡಿಸ್ಕಿಗೆ ಬಂದಿಲ್ಲ. ಯುಇಎಫ್‌ಐ (ಹಳೆಯ ಬಯೋಸ್‌ನ ಹೊಸ ರೂಪ) ಇರುವ ಯಂತ್ರ ಬೂಟ್ ಫೈಲುಗಳನ್ನು ಹುಡುಕುವುದು ಅಲ್ಲೇ.

ಹಳೆಯ ಡಿಸ್ಕ್ ಬಿಚ್ಚಿಡಿ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ‘ಡಿಸ್ಕ್‌ಪಾರ್ಟ್’ ಎಂಬ ಡಿಸ್ಕ್ ನಿರ್ವಹಣಾ ಸಾಧನ ತೆರೆದು ‘ಲಿಸ್ಟ್ ಡಿಸ್ಕ್’ ಕೊಟ್ಟಾಗ ಜಿಪಿಟಿ (ಡಿಸ್ಕಿನ ಪಾರ್ಟಿಷನ್ ಪಟ್ಟಿಯ ಹೊಸ ಶೈಲಿ) ಕಾಲಂನಲ್ಲಿ ನಕ್ಷತ್ರ ಚಿಹ್ನೆ ಇರಬೇಕು. ಇಲ್ಲದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ಶೈಲಿಯಲ್ಲಿದೆ. ಬೂಟ್ ಫೈಲುಗಳಿಲ್ಲದ ಡಿಸ್ಕನ್ನು ಎಂಬಿಆರ್2ಜಿಪಿಟಿ ಸಾಧನ ಒಪ್ಪದು, ಆದ್ದರಿಂದ ಮೊದಲು ಡಿಸ್ಕ್‌ಪಾರ್ಟ್‌ನಲ್ಲಿ ಸಿ ಡ್ರೈವನ್ನು ಆಕ್ಟಿವ್ ಮಾಡಿ, ಬೂಟ್ ಫೈಲುಗಳನ್ನು ಬರೆಯುವ ‘ಬಿಸಿಡಿಬೂಟ್’ ಕಮಾಂಡನ್ನು ಬಯೋಸ್ ಬಗೆಯಲ್ಲಿ ಸಿ ಡ್ರೈವಿಗೇ ಕೊಡಿ. ನಂತರ ಎಂಬಿಆರ್2ಜಿಪಿಟಿಯಿಂದ ಪರಿವರ್ತಿಸಿ, ಇಎಫ್‌ಐ ಪಾರ್ಟಿಷನ್ನನ್ನೂ ಅದೇ ಮಾಡಿಕೊಡುತ್ತದೆ.

ನಕ್ಷತ್ರ ಇದ್ದರೆ ಸಿ ಡ್ರೈವನ್ನು 260 ಎಂಬಿ ಕುಗ್ಗಿಸಿ, ಆ ಜಾಗದಲ್ಲಿ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಎಸ್ ಅಕ್ಷರ ಕೊಡಿ. ನಂತರ ಡಿಸ್ಕ್‌ಪಾರ್ಟಿನಿಂದ ಹೊರಬಂದು ‘ಬಿಸಿಡಿಬೂಟ್’ ಕಮಾಂಡಿಗೆ ವಿಂಡೋಸ್ ಫೋಲ್ಡರಿನ ದಾರಿ, ಗುರಿಯಾಗಿ ಎಸ್, ಬಗೆಯಾಗಿ ಯುಇಎಫ್‌ಐ ಎಂದು ಕೊಡಿ. ಪೆನ್‌ಡ್ರೈವಿನಿಂದ ಬೂಟ್ ಆದಾಗ ಸಿ ಡ್ರೈವಿನ ಅಕ್ಷರವೇ ಬದಲಾಗಿರಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಡಿಸ್ಕ್‌ಪಾರ್ಟಿನ ‘ಲಿಸ್ಟ್ ವಾಲ್ಯೂಮ್’ನಲ್ಲಿ ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ಎಲ್ಲೆಡೆ ಹೇಳುವ ‘ಫಿಕ್ಸ್‌ಬೂಟ್’ ಇಲ್ಲಿ ಪ್ರಯೋಜನವಿಲ್ಲ, ಇಲ್ಲದ ಪಾರ್ಟಿಷನ್ನನ್ನು ಅದು ಸೃಷ್ಟಿಸದು.

ಲೋಗೋ ಬಂದ ಮೇಲೆ ‘ಇನಾಕ್ಸೆಸಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಕಂಡರೆ ಅದು ಡ್ರೈವರ್ ತೊಂದರೆ. ಬಯೋಸ್‌ನಲ್ಲಿ ಸ್ಟೋರೇಜ್ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ ಅಥವಾ ಎಎಚ್‌ಸಿಐನಿಂದ ರೇಡ್‌ಗೆ ಬದಲಾಗಿದೆಯೇ ನೋಡಿ. ಒಮ್ಮೆ ಸೇಫ್ ಮೋಡಿನಲ್ಲಿ ಬೂಟ್ ಮಾಡಿದರೆ ಬಹುತೇಕ ಸರಿಹೋಗುತ್ತದೆ.