ಅಮೆರಿಕದಲ್ಲಿ ಎಲೆಕ್ಟೋರಲ್ ಮತ ಹಂಚುವ ನಿಯಮವನ್ನು ಪಕ್ಷಗಳು ತಮಗೆ ಬೇಕಾದಂತೆ ಬದಲಿಸಬಹುದೇ?

ಬದಲಿಸಬಹುದು. ಎಲೆಕ್ಟೋರಲ್ ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಚುನಾಯಕರನ್ನು (ಎಲೆಕ್ಟರ್‌ಗಳನ್ನು) ನೇಮಿಸುವ ವಿಧಾನವನ್ನು ಸಂವಿಧಾನವು ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ನಲವತ್ತೆಂಟು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಮತ. ಮೇನ್ ಮತ್ತು ನೆಬ್ರಾಸ್ಕಾದಲ್ಲಿ ಮಾತ್ರ ಎರಡು ಮತ ರಾಜ್ಯವ್ಯಾಪಿ ವಿಜೇತರಿಗೆ, ಉಳಿದವು ಪ್ರತಿನಿಧಿ ಸಭೆಯ (ಸಂಸತ್ತಿನ ಕೆಳಮನೆ) ಕ್ಷೇತ್ರವಾರು ಗೆದ್ದವರಿಗೆ.

ಈ ತಂತ್ರ ಹಳೆಯದು. 1892ರ ಚುನಾವಣೆಗೆ ಮುನ್ನ ಮಿಶಿಗನ್‌ನಲ್ಲಿ ಅಧಿಕಾರದಲ್ಲಿದ್ದ ಡೆಮಾಕ್ರಟರು ಕ್ಷೇತ್ರವಾರು ಪದ್ಧತಿ ತಂದರು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಿಪಬ್ಲಿಕನ್ನರು ಮರಳಿ ಬಂದೊಡನೆ ಅದನ್ನು ಕಿತ್ತುಹಾಕಿದರು.

2024ರ ಪ್ರಸಂಗ ಇನ್ನೂ ಸ್ವಾರಸ್ಯಕರ. ನೆಬ್ರಾಸ್ಕಾದ ಐದು ಮತಗಳಲ್ಲಿ ಒಮಾಹಾ ಕ್ಷೇತ್ರದ್ದು ಡೆಮಾಕ್ರಟರತ್ತ ವಾಲುವ ಮತ. ಆ ಒಂದು ಮತ ತಪ್ಪಿದರೆ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರ ಅತಿ ಸುಲಭದ ದಾರಿ ಗೆಲುವಿಗೆ ಬೇಕಾದ 270ರಲ್ಲಲ್ಲ, ಸಮಬಲದ 269ರಲ್ಲಿ ನಿಲ್ಲುತ್ತಿತ್ತು. ಸಮಬಲವಾದರೆ ತೀರ್ಮಾನ ಪ್ರತಿನಿಧಿ ಸಭೆಯದು, ಅದೂ ರಾಜ್ಯಕ್ಕೊಂದು ಮತದಂತೆ. ಚುನಾವಣೆಗೆ ಕೆಲವೇ ವಾರಗಳಿರುವಾಗ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ನೆಬ್ರಾಸ್ಕಾಕ್ಕೇ ಹೋಗಿ, ಗೆದ್ದವರಿಗೇ ಎಲ್ಲ ಮತ ಎಂಬ ನಿಯಮ ತರುವಂತೆ ಒತ್ತಡ ಹೇರಿದರು. ಆದರೆ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆಗಿದ್ದ ಅಲ್ಲಿನ ರಾಜ್ಯ ಶಾಸಕ ಮೈಕ್ ಮೆಕ್‌ಡಾನೆಲ್ ಒಪ್ಪದೆ ಯತ್ನ ಕುಸಿಯಿತು. ನೀವು ಬದಲಿಸಿದರೆ ನಾವೂ ಬದಲಿಸುತ್ತೇವೆ ಎಂಬ ಮಾತು ಮೇನ್‌ನ ಡೆಮಾಕ್ರಟರಿಂದಲೂ ಬಂದಿತ್ತು.

ಕ್ಷೇತ್ರವಾರು ಪದ್ಧತಿ ಹೆಚ್ಚು ನ್ಯಾಯಯುತವೆಂಬ ವಾದವನ್ನು ನಾನು ಪೂರ್ತಿ ನಂಬುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರಗಳ ಗಡಿ ಎಳೆಯುವವರೂ ಅದೇ ಶಾಸಕರು.