ಅಮಾವಾಸ್ಯೆಗೆ ನಿದ್ದೆ ಬರದ ಹುಡುಗ

ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು ಉತ್ತರ ಕನ್ನಡದಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಒಂದು ಕುರ್ವೆ, ಅಂದರೆ ಹೊಳೆ ನಡುವಿನ ನಡುಗಡ್ಡೆ. ಯಾವ ಕುರ್ವೆ ಎಂದು ಹೇಳುವುದಿಲ್ಲ. ಇರುವುದೇ ಕೆಲವು ಮನೆ, ಹೇಳಿದರೆ ಗುರುತು ಸಿಕ್ಕಿಬಿಡುತ್ತದೆ.

26 ವರ್ಷದ ಹುಡುಗ. ಮಾಧವ ಎನ್ನೋಣ. ಐಟಿಐ ಮುಗಿಸಿ ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇಥ್ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನನ್ನ ಬಳಿ ಆಪ್ತಸಲಹೆಗೆ ಬಂದಾಗ ಹೇಳಿದ್ದು ಒಂದೇ ಮಾತು. "ನಿದ್ದೆ ಬರೂದಿಲ್ಲ ಮೇಡಂ."

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಊರಿನ ನೆನಪು ಕಾಡುತ್ತಿದೆ ಅಂದುಕೊಂಡೆ. ರೂಮಿನವರ ಜೊತೆ ಬೆರಿ, ಸಂಜೆ ಉಣಕಲ್ ಕೆರೆ ಕಡೆ ಅಡ್ಡಾಡಿ ಬಾ ಅಂತೆಲ್ಲ ಹೇಳಿ ಕಳಿಸಿದೆ. ಜೊತೆಗೆ, ಒಂದು ತಿಂಗಳು ಯಾವ ರಾತ್ರಿ ಎಷ್ಟು ಹೊತ್ತು ಮಲಗಿದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿದ್ದೆ. ಕೆರೆಯಿಂದ ಏನೂ ಆಗಲಿಲ್ಲ. ಕ್ಯಾಲೆಂಡರ್ ಮಾತ್ರ ಮಾತಾಡಿತು.

ಕೆಟ್ಟ ರಾತ್ರಿಗಳು ಎರಡು ಗುಂಪಾಗಿ ಬಿದ್ದಿದ್ದವು. ಅಮಾವಾಸ್ಯೆಯ ಆಚೀಚೆ, ಹುಣ್ಣಿಮೆಯ ಆಚೀಚೆ. ನಾನು ಗದಗ ಕಡೆಯ ಬಯಲುಸೀಮೆಯವಳು. ಯಾರೋ ಮಾಟ-ಮಂತ್ರದ ಹೆದರಿಕೆ ಹಾಕಿದ್ದಾರೇನೋ ಎಂದು ಮೆಲ್ಲಗೆ ಕೇಳಿದೆ. ನಕ್ಕುಬಿಟ್ಟ. "ಆವತ್ತು ಭರತ ಜೋರು ಮೇಡಂ. ಒಡ್ಡು ಒಡೆದರೆ ಗಜನಿಗೆಲ್ಲ ಉಪ್ಪುನೀರು."

ಆಮೇಲೆ ಅರ್ಧ ಗಂಟೆ ನನಗೇ ಪಾಠ. ಭರತ ಅಂದರೆ ಸಮುದ್ರದ ಉಬ್ಬರ. ಗಜನಿ ಅಂದರೆ ಅಳಿವೆಯ ಅಂಚಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪು ತಡೆಯುವ ತಳಿ, ಆದರೆ ಅದಕ್ಕೂ ಒಂದು ಮಿತಿ ಇದೆ. ಒಡ್ಡು ಕಾಯಲು ಮೊದಲು ಮನೆಗೊಬ್ಬರು ಇರುತ್ತಿದ್ದರು. ಈಗ ಹುಡುಗರೆಲ್ಲ ಗೋವಾ, ಬೆಂಗಳೂರು, ಹುಬ್ಬಳ್ಳಿ. ಉಳಿದವರಲ್ಲಿ ಮಂಡಿನೋವಿನ ಅವನ ಅಪ್ಪನೂ ಒಬ್ಬರು. ಇವನು ಇಲ್ಲಿ ವಿದ್ಯಾನಗರದ ರೂಮಿನಲ್ಲಿ, ಘಟ್ಟದ ಮೇಲೆ, ಮೊಬೈಲಿನಲ್ಲಿ ಭರತದ ಹೊತ್ತು ನೋಡಿಕೊಂಡು ಎದ್ದು ಕೂತಿರುತ್ತಿದ್ದ.

ಅವನನ್ನು ಹುರಿದುಂಬಿಸೋಣ ಎಂದು ಒಂದು ಮಾತು ಹೇಳಿದೆ. ನಮ್ಮ ಗದಗ ಕಡೆಯ ಮಾಗಡಿ ಕೆರೆ ಮತ್ತು ನಿಮ್ಮ ಅಘನಾಶಿನಿ ಅಳಿವೆ, ಎರಡೂ 2024ರಲ್ಲಿ ಒಟ್ಟಿಗೇ ರಾಮ್‌ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿದವು ಗೊತ್ತಾ ಎಂದೆ. "ಪಟ್ಟಿ ಸೇರಿದರೆ ಒಡ್ಡು ಕಟ್ಟಿಕೊಡ್ತಾರಾ ಮೇಡಂ?" ಎಂದ. ಸುಮ್ನೆ ಕೂತೆ.

ಹಾಗಾದರೆ ವಾಪಸ್ ಹೋಗಬಹುದಲ್ವಾ? ಅದೇ ಗಂಟು. ಹೋದರೆ "ಹುಬ್ಬಳ್ಳಿಯಲ್ಲಿ ನೆಟ್ಟಗಾಗಲಿಲ್ಲ, ಬಂದ" ಎನ್ನುತ್ತಾರೆ ಎಂಬ ಅಳುಕು ಅವನಿಗೆ. ಅದಕ್ಕಿಂತ ದೊಡ್ಡ ಅಡ್ಡಿ ಅವನ ಅಬ್ಬೆ. ಒಂದು ದಿನ ನನ್ನೆದುರೇ ಫೋನ್ ಸ್ಪೀಕರಿಗೆ ಹಾಕಿದ. ಆಕೆ ಅಂದರು: "ಅವ ಬಂದರೆ ನಂಗೆ ಖುಷಿಯೇ. ಆದ್ರೆ ನಾಳೆ ಇವನ ಹೆಂಡತಿಗೆ ರಾತ್ರಿ ನೋವು ಬಂದರೆ ಮಳೆಯಲ್ಲಿ ದೋಣಿ ಯಾರು ಬಿಡೂದು? ಕುರ್ವೆಗೆ ಹೆಣ್ಣು ಯಾರು ಕೊಡ್ತಾರೆ?" ಆಕೆಯದು ಬರೀ ಮಾತಲ್ಲ. 2019ರ ಆಗಸ್ಟ್ ನೆರೆಯಲ್ಲಿ ಮನೆ ಬಿಟ್ಟು ಹೋಗಿದ್ದವರು. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದಾಗ ಕೊಡ ಹೊರುವವರೂ ಅವರೇ. ನನ್ನ ಬಳಿ ಬಂದ ಆ ಕಡೆಯ ಹುಡುಗಿಯರಲ್ಲಿ ಒಬ್ಬಳೂ ವಾಪಸ್ ಹೋಗುವ ಮಾತು ಎತ್ತಿಲ್ಲ. ಹುಡುಗರು ಎತ್ತುತ್ತಾರೆ. ಗದ್ದೆ ಯಾರ ಹೆಸರಿಗೆ ಬರುತ್ತದೆ ನೋಡಿ.

ಬದುಕು ಸಾಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ.

ಸಲಹೆ ಇಷ್ಟೇ ಕೊಟ್ಟದ್ದು. ಭರತ ಜೋರಿರುವ ದಿನ ಸಂಜೆಯೇ ಅಪ್ಪನಿಗೆ ಫೋನ್ ಮಾಡು, ಒಡ್ಡಿನ ಸ್ಥಿತಿ ಕೇಳು, ಆಮೇಲೆ ಮೊಬೈಲು ಕೈಗೆ ಸಿಗದಂತೆ ಇಡು. ನಡುರಾತ್ರಿ ಅದನ್ನು ನೋಡಿ ನೀನು ಇಲ್ಲಿಂದ ಮಾಡುವುದು ಏನೂ ಇಲ್ಲ. ಎರಡನೆಯದು, ಇರುವುದೋ ಹೋಗುವುದೋ ಎಂದು ಈಗ ತೀರ್ಮಾನಿಸಬೇಡ. ನೀನು ನಾಲ್ಕು ವರ್ಷದಿಂದ ಊರು ನೋಡಿದ್ದು ಚೌತಿ, ದೀಪಾವಳಿಯಲ್ಲಿ. ಹಬ್ಬದಲ್ಲಿ ಯಾವ ಊರೂ ಚೆಂದವೇ. ಆಷಾಢದಲ್ಲಿ ರಜೆ ಹಾಕಿ ಹೋಗಿ ಬಾ, ಕೆಸರಿನಲ್ಲಿ ಇಳಿ, ಆಮೇಲೆ ಮಾತಾಡೋಣ. ಅಬ್ಬೆಯ ಪ್ರಶ್ನೆಗೆ ಉತ್ತರ ನನ್ನಲ್ಲೂ ಇರಲಿಲ್ಲ. ಅದಕ್ಕೆ ಸಮಾಧಾನದ ಮಾತು ಹೇಳಲು ಹೋಗಬೇಡ, ಆಕೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೋ ಎಂದಷ್ಟೇ ಹೇಳಿದೆ.

ಹನ್ನೆರಡು ದಿನ ಇದ್ದು ಬಂದ. ಕೈಯೆಲ್ಲ ಬೊಬ್ಬೆ. "ಅಪ್ಪನಿಗೆ ವರ್ಷವಿಡೀ ನಾನು ಬೇಕಿಲ್ಲ ಮೇಡಂ. ತಿಂಗಳಲ್ಲಿ ನಾಲ್ಕು ದಿನ ಬೇಕು" ಎಂದ. ಇದು ನನಗೆ ಹೊಳೆದಿರಲಿಲ್ಲ. ಅಮಾವಾಸ್ಯೆಯ ದಿನ ಇಲ್ಲಿ ವರ್ಕ್‌ಶಾಪಿನಲ್ಲಿ ಹೇಗೂ ಪೂಜೆ, ಕೆಲಸ ಕಡಿಮೆ. ಭಾನುವಾರಗಳಲ್ಲಿ ದುಡಿದು ಆ ದಿನಗಳನ್ನು ಬಿಡಿಸಿಕೊಳ್ಳುವುದಕ್ಕೆ ಮಾಲೀಕರು ಒಪ್ಪಿದ್ದಾರೆ, ಮಳೆಗಾಲದ ಮಟ್ಟಿಗೆ. ಮದುವೆಯ ವಿಷಯ ಹಾಗೇ ಇದೆ.

ಮುಂದಿನ ಭೇಟಿಗೆ ನಾನು ಶುಕ್ರವಾರ ಎಂದೆ. ಕ್ಯಾಲೆಂಡರ್ ನೋಡಿ, "ಅವತ್ತು ಹುಣ್ಣಿಮೆ ಮೇಡಂ" ಎಂದ. ಮುಂದಿನ ಬುಧವಾರಕ್ಕೆ ಬರೆದುಕೊಂಡೆ.