ಹೊಸ ಜೀನುಗಳ ಲೇಖನ ಕಳಿಸಿದವರಿಗೆ

ಮಾನ್ಯರೇ,

ಸಿಂಧನೂರಿನಿಂದ ತಾವು ಕಳಿಸಿದ, ಹೊಸ ಜೀನುಗಳು (ವಂಶವಾಹಿಗಳು) ಮತ್ತು ಲೈಂಗಿಕ ಸಂತಾನೋತ್ಪತ್ತಿಯ ಉಗಮ ಕುರಿತ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆಯಲ್ಲಿ ಹಿಡಿತವಿದೆ, ತೊಡಕಿರುವುದು ವಾದದಲ್ಲಿ. ಹೊಸ ಜೀನುಗಳು ಬೇಕಾದ್ದರಿಂದಲೇ ಜೀವಿಗಳು ಗಂಡು, ಹೆಣ್ಣೆಂದು ಬೇರ್ಪಟ್ಟವು ಎಂಬ ಮಾತಿನ ಮೇಲೆ ಇಡೀ ಬರಹ ನಿಂತಿದೆ. ಆದರೆ ಲೈಂಗಿಕತೆಯ ಮುಖ್ಯ ಕೆಲಸ ಇರುವ ಜೀನುಗಳನ್ನೇ ಕಲಸಿ ಬೇರೆ ಬೇರೆ ಜೋಡಣೆಗಳನ್ನು ಮಾಡುವುದು. ಯೀಸ್ಟಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಆದರೂ ಎರಡು ಬಗೆಯ ಕೋಶಗಳು ಕೂಡಿ ಜೀನುಗಳನ್ನು ಕಲಸುತ್ತವೆ.

ಹೊಸ ಜೀನು ಬರುವ ಒಂದು ಮುಖ್ಯ ದಾರಿಯನ್ನು ತಾವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಕಲಾಗುವಾಗಿನ ದೋಷದಿಂದ ಒಂದು ಜೀನಿಗೆ ಎರಡು ಪ್ರತಿಗಳಾದಾಗ, ಒಂದು ಹಳೆಯ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ; ಇನ್ನೊಂದರಲ್ಲಿ ಆಗುವ ಬದಲಾವಣೆಗಳಿಂದ ಜೀವಿಗೆ ತಕ್ಷಣದ ಕೇಡಿಲ್ಲವಾದ್ದರಿಂದ, ಅದು ಹೆಚ್ಚಿನ ಸಲ ಕೆಟ್ಟು ನಿಷ್ಕ್ರಿಯವಾಗುತ್ತದೆ, ಅಪರೂಪಕ್ಕೆ ಬೇರೊಂದು ಕೆಲಸಕ್ಕೆ ಒದಗುತ್ತದೆ. ತಳಿವಿಜ್ಞಾನಿ ಸುಸುಮು ಓನೋ ಅವರು 1970ರಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಮಂಡಿಸಿದರು. ಅಂಟಾರ್ಕ್ಟಿಕ ಸಮುದ್ರದ ಕೆಲವು ಮೀನುಗಳ ರಕ್ತವನ್ನು ಚಳಿಗೆ ಮಂಜುಗಡ್ಡೆಯಾಗದಂತೆ ಕಾಯುವ ಪ್ರೋಟೀನಿನ ಜೀನು, ಟ್ರಿಪ್ಸಿನೋಜನ್ ಎಂಬ ಜೀರ್ಣದ್ರವ್ಯದ ಜೀನಿನಿಂದ ಬಂದದ್ದು. ನಮ್ಮ ಕೆಂಪು, ಹಸಿರು ಬಣ್ಣದ ದೃಷ್ಟಿಯ ಜೀನುಗಳೂ ಒಂದೇ ಜೀನು ಎರಡಾದದ್ದರ ಫಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಯಚೂರಿನ ಎರೆಭೂಮಿಯ ಜವಾರಿ ಹತ್ತಿಯ ಕೋಶದಲ್ಲಿ ಜೀನುಗಳನ್ನು ಹೊತ್ತ ಎಳೆಗಳು, ಅಂದರೆ ವರ್ಣತಂತುಗಳು, 26 ಇದ್ದರೆ, ಇಂದು ಹೊಲ ತುಂಬಿರುವ ಅಮೆರಿಕನ್ ಹತ್ತಿಯಲ್ಲಿ 52 ಇವೆ. ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ ಎರಡು ಬೇರೆ ಹತ್ತಿ ವಂಶಗಳು ಕೂಡಿ, ಎರಡರ ವರ್ಣತಂತುಗಳೂ ಒಂದೇ ಗಿಡದಲ್ಲಿ ಉಳಿದವು. ಸಾವಿರಾರು ಜೀನುಗಳಿಗೆ ಒಮ್ಮೆಲೇ ಜೋಡಿ ಪ್ರತಿಗಳು ಸಿಕ್ಕದ್ದು ಹೀಗೆ. ಇಲ್ಲಿನ ಓದುಗರಿಗೆ ಬರೆಯುತ್ತಾ ಹತ್ತಿಯನ್ನು ಬಿಟ್ಟು ಜಿರಾಫೆಯ ಕತ್ತನ್ನು ಹಿಡಿದದ್ದೇಕೆಂದು ನನಗೆ ತಿಳಿಯಲಿಲ್ಲ.

ಲೈಂಗಿಕತೆ ದುಬಾರಿ ಎಂಬುದನ್ನು ತಾವು ಪ್ರಸ್ತಾಪಿಸಿಯೇ ಇಲ್ಲ. ಗಂಡಿಲ್ಲದೆಯೇ ಹೆಣ್ಣುಮರಿಗಳನ್ನಷ್ಟೇ ಹೆರುವ ಹೆಣ್ಣಿನ ವಂಶ, ಅರ್ಧ ಗಂಡುಗಳನ್ನು ಹೆರುವ ವಂಶಕ್ಕಿಂತ ಪ್ರತಿ ಪೀಳಿಗೆಗೂ ಎರಡು ಪಟ್ಟು ವೇಗದಲ್ಲಿ ಬೆಳೆಯಬೇಕು ಎಂದು ಜೀವವಿಜ್ಞಾನಿ ಜಾನ್ ಮೇನಾರ್ಡ್ ಸ್ಮಿತ್ 1970ರ ದಶಕದಲ್ಲಿ ತೋರಿಸಿದರು. ಹತ್ತಿ ಎಲೆಯಡಿ ಕೂತು ರಸ ಹೀರುವ ಸಸ್ಯಹೇನನ್ನೇ ನೋಡಿ: ಬಿಸಿಲುನಾಡಿನಲ್ಲಿ ಹೆಣ್ಣು ಗಂಡಿಲ್ಲದೆಯೇ ಮರಿ ಹಾಕುತ್ತದೆ, ಚಳಿಯ ದೇಶಗಳಲ್ಲಿ ಅದೇ ಪ್ರಭೇದ ಚಳಿಗಾಲಕ್ಕೆ ಮುಂಚೆ ಗಂಡುಗಳನ್ನೂ ಹೆತ್ತು, ಕೂಡಿ, ಮೊಟ್ಟೆ ಇಡುತ್ತದೆ. ಇಷ್ಟು ನಷ್ಟದ ಪದ್ಧತಿ ಉಳಿದದ್ದೇಕೆ? ಕೂಡುವಿಕೆಯಿಲ್ಲದ ವಂಶದಲ್ಲಿ ಕೆಟ್ಟ ಬದಲಾವಣೆಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ ಎಂದು ತಳಿವಿಜ್ಞಾನಿ ಹರ್ಮನ್ ಮುಲ್ಲರ್ 1964ರಲ್ಲಿ ವಾದಿಸಿದರು. ಬೇಗ ಬದಲಾಗುವ ರೋಗಾಣುಗಳಿಗೆ ಎದುರು ನಿಲ್ಲಲು ಹೊಸ ಜೋಡಣೆಗಳು ಬೇಕೆಂಬುದು ಇನ್ನೊಂದು ವಿವರಣೆ. ಎರಡೂ ಪರಸ್ಪರ ವಿರೋಧಿಗಳಲ್ಲ.

ಮೀನುಗಳ ಕಾಲದಲ್ಲಿ ಲೈಂಗಿಕತೆ ಹುಟ್ಟಿತೆಂಬ ಸಾಲನ್ನು ತೆಗೆಯಿರಿ. ಕೆನಡಾದ ಉತ್ತರ ಭಾಗದಲ್ಲಿ ಸಿಕ್ಕ, ಸುಮಾರು 105 ಕೋಟಿ ವರ್ಷ ಹಳೆಯ ಕೆಂಪು ಪಾಚಿಯ ಪಳೆಯುಳಿಕೆಯಲ್ಲೇ ಅದರ ಕುರುಹುಗಳಿವೆ. ‘ಪ್ರಕೃತಿಮಾತೆ ನಿರ್ಧರಿಸಿದಳು’ ಎಂಬಂಥ ವಾಕ್ಯಗಳನ್ನೂ ಕೈಬಿಡಿ. ಯಾರೂ ಏನನ್ನೂ ನಿರ್ಧರಿಸಲಿಲ್ಲ. ಹತ್ತಿ ಮತ್ತು ಹೇನನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದು ಕಳಿಸಿದರೆ ಖಂಡಿತ ಓದುತ್ತೇನೆ.

ಇಂತು,
ಸಂಪಾದಕ, ರಾಯಚೂರು